ರೇಡಿಯೇಟರಿಗೆ ಚೊಗರು

ನಮ್ಮವರು ಆ ಕಾರನ್ನು ಮನೆಗೆ ತಂದ ದಿನ ನಮ್ಮತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಹಿಂಭಾಗದಲ್ಲಿ ನಿಂತು, "ಉಳಿದಿದ್ದು ಯಾವಾಗ ಬರತೈತೆ?" ಎಂದು ಕೇಳಿದರು.

ಅವರ ತಪ್ಪಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಚನ್ನಗಿರಿಯಲ್ಲಿ ಓಡಾಡುತ್ತಿದ್ದ ನಾಲ್ಕಾರು ಕಾರುಗಳೂ ಮುಂದೊಂದು ಮೂಗು, ಹಿಂದೊಂದು ಡಿಕ್ಕಿ ಇದ್ದ ಗುಂಡಗಿನ ದೊಡ್ಡ ಕಾರುಗಳು. ಇದಕ್ಕೆ ಮೂಗಿತ್ತು, ಡಿಕ್ಕಿ ಇರಲಿಲ್ಲ. ಹಿಂದಿನ ಸೀಟು ಮುಗಿದಲ್ಲಿಗೆ ಕಾರೂ ಮುಗಿಯುತ್ತಿತ್ತು. ಅಲ್ಲೊಂದು ಬಾಗಿಲು, ಅದು ಮೇಲಕ್ಕೆ ತೆರೆಯುತ್ತಿತ್ತು. ಊರವರು ಎರಡೇ ದಿನದಲ್ಲಿ ಮೋಟುಗಾಡಿ ಎಂದು ನಾಮಕರಣ ಮಾಡಿದರು. ನಮ್ಮವರಿಗೆ ಮಾತ್ರ ಅದು ಚಿನ್ನ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವರು ಹೆರದೆಯೇ ಮುದ್ದು ಮಾಡಿದರು.

ಯಾರೋ ಹಡಗಿನಲ್ಲಿ ತಂದಿದ್ದ ಕಾರು ನಾಲ್ಕಾರು ಕೈ ದಾಟಿ ಹೊನ್ನಾಳಿಯ ಒಬ್ಬ ಕಂಟ್ರಾಕ್ಟರರ ಮನೆ ಮುಂದೆ ನಿಂತಿತ್ತು. ಕೀಲಿ ಕೊಡುವಾಗ ಅವರು, "ಭಾಳ ಒಳ್ಳೇ ಗಾಡಿ ರೀ, ಒಂದೇ ಒಂದು, ಯಾವಾಗ್ಲೂ ಇಳಿಜಾರಿನಾಗೆ ನಿಲ್ಸಿರಿ" ಅಂದರಂತೆ. ನಮ್ಮವರು ಅದನ್ನು ಹಿತವಚನ ಎಂದು ತಿಳಿದರು. ಅದು ತಪ್ಪೊಪ್ಪಿಗೆ ಎಂದು ನನಗೆ ಮರುದಿನ ಬೆಳಿಗ್ಗೆ ಕಾರನ್ನು ತಳ್ಳುವಾಗಲೇ ಗೊತ್ತಾಯಿತು.

ಅದರ ರೋಗಗಳನ್ನು ನಾನು ಬಲ್ಲಷ್ಟು ಯಾವ ಮೆಕ್ಯಾನಿಕ್ಕೂ ಬಲ್ಲವನಲ್ಲ. ಎಡಕ್ಕೆ ತಿರುಗಿಸಿದರೆ ಹಾರನ್ನು ತಾನೇ ಕೂಗಿಕೊಳ್ಳುತ್ತಿತ್ತು, ಬಲಕ್ಕೆ ತಿರುಗಿಸುವಾಗ ಎಷ್ಟು ಒತ್ತಿದರೂ ಉಸಿರಿಲ್ಲ. ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ, ಬ್ರೇಕಿನ ಕೆಲಸವನ್ನು ನನ್ನ ಕಾಲಬುಡದಲ್ಲಿದ್ದ ಒಂದು ದಪ್ಪ ಕಲ್ಲು ಮಾಡುತ್ತಿತ್ತು. ಕಾರು ನಿಂತ ಕೂಡಲೇ ಇಳಿದು ಅದನ್ನು ಚಕ್ರದ ಹಿಂದೆ ಇಡುವುದು ನನ್ನ ಕೆಲಸ. ಮದುವೆಮನೆಯ ಮುಂದೆ ರೇಷ್ಮೆ ಸೀರೆ ಉಟ್ಟವಳು ಕಲ್ಲು ಹೊತ್ತು ಇಳಿಯುವುದನ್ನು ಕಂಡು ಬೀಗರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ್ದುಂಟು. ಹಿಂದಿನ ಬಾಗಿಲು ಮೇಲೆ ನಿಲ್ಲುತ್ತಿರಲಿಲ್ಲ. ಅದಕ್ಕೆ ಅಡಿಕೆ ಮರದ ದಬ್ಬೆಯೊಂದನ್ನು ಕೊಟ್ಟು ನಿಲ್ಲಿಸಬೇಕು. ದಬ್ಬೆ ಜಾರಿತೋ, ಬಗ್ಗಿದವರ ತಲೆಗೆ ಸರಿಯಾಗಿ ಬಡಿಯುತ್ತಿತ್ತು. ನಮ್ಮವರ ನೆತ್ತಿಯ ಮೇಲೆ ಒಂದು ಬುಗುಟು ಆರುವ ಮುಂಚೆ ಇನ್ನೊಂದು ಏಳುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಪೀಡೆ ಎರಡನೇ ಗೇರು. ಹಾಕಿದರೆ ನಿಲ್ಲುವುದಿಲ್ಲ, ಹಾರಿ ಹೊರಗೆ ಬರುತ್ತದೆ. ದಿಣ್ಣೆ ಬಂದಾಗ ನಮ್ಮವರು "ಹಿಡ್ಕ!" ಎಂದು ಕೂಗುತ್ತಿದ್ದರು. ನಾನು ಪಕ್ಕದ ಸೀಟಿನಿಂದ ಎರಡೂ ಕೈಯಲ್ಲಿ ಗೇರಿನ ಕೋಲನ್ನು ಜಗ್ಗಿ ಹಿಡಿಯಬೇಕು. "ಬಿಡು!" ಅಂದಾಗ ಬಿಡಬೇಕು. ಎದುರಿಗೆ ಬರುವವರಿಗೆ ಗಂಡ ಹೆಂಡತಿ ಕಾರಿನೊಳಗೆ ಕಿತ್ತಾಡುತ್ತಿರುವ ಹಾಗೆ ಕಾಣುತ್ತಿತ್ತು. ಅನೇಕ ಸಲ ಅದು ನಿಜವೂ ಆಗಿರುತ್ತಿತ್ತು.

ಬಿಡಿಭಾಗ ಯಾವೂರಲ್ಲೂ ಸಿಗುತ್ತಿರಲಿಲ್ಲ. ಫ್ಯಾನ್ ಬೆಲ್ಟು ಹರಿದಾಗ ನನ್ನ ತವರು ನ್ಯಾಮತಿಯ ಮೆಕ್ಯಾನಿಕ್ ಒಬ್ಬರು ಹಿಟ್ಟಿನ ಗಿರಣಿಯ ಹಳೇ ಬೆಲ್ಟನ್ನು ಸೀಳಿ, ಹೊಲಿದು ಹಾಕಿಕೊಟ್ಟರು. ಆಮೇಲೆ ತಿಂಗಳುಗಟ್ಟಲೆ ಬಾನೆಟ್ ತೆಗೆದರೆ ರಾಗಿ ಹಿಟ್ಟಿನ ವಾಸನೆ. ಓಟದ ವಿಷಯಕ್ಕೆ ಬಂದರೆ, ಸಮತಟ್ಟಾದ ರಸ್ತೆಯಲ್ಲಿ ಪರವಾಗಿಲ್ಲ. ಏರು ಬಂದರೆ ಹಿಂದೆ ಕೂತವರು ಇಳಿದು ನಡೆಯಬೇಕು. ಒಂದು ಸಲ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಮುಂದೆ ಹೋಗುತ್ತಾ, "ಮನೇಲಿ ಏನಾರ ಹೇಳಬೇಕೇನ್ರೀ?" ಎಂದು ಕೇಳಿಹೋದ.

ಇಂಥ ಕಾರಿಗೆ ನನ್ನ ಬದುಕು ಗಂಟು ಬಿದ್ದದ್ದು ಹೀಗೆ.

ನಾನು ಮದುವೆಗೆ ಮುಂಚೆಯೇ ಶಿಕ್ಷಕಿಯರ ತರಬೇತಿ ಮುಗಿಸಿದ್ದೆ. ಮದುವೆಯಾಗಿ ಏಳು ವರ್ಷವಾದರೂ ಒಂದು ದಿನ ಪಾಠ ಮಾಡಿದವಳಲ್ಲ. ಎರಡು ಸಲ ಸಂದರ್ಶನಕ್ಕೆ ಕಾರ್ಡು ಬಂತು. ಎರಡು ಸಲವೂ ನಮ್ಮ ಮಾವ ಅದನ್ನು ಓದಿ, ಮಡಚಿ, ಕಿಟಕಿ ಸಂದಿಯಲ್ಲಿ ಸಿಕ್ಕಿಸಿ, "ನಮ್ಮ ಮನೇಲಿ ಹೆಣ್ಣುಮಕ್ಕಳು ಬಸ್ ಸ್ಟ್ಯಾಂಡಿನಾಗೆ ನಿಂತ್ಕಂಡು ಕೆಲಸಕ್ಕೆ ಹೋದದ್ದಿಲ್ಲ" ಅಂದರು. ಅವರು ಕೆಟ್ಟವರಲ್ಲ. ಅಡಿಕೆ ವ್ಯಾಪಾರದ ಮನುಷ್ಯ, ಹಣೆ ತುಂಬ ವಿಭೂತಿ, ಎತ್ತರದ ದನಿ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕಂಡಿರಲಿಲ್ಲ. ಅವರಿಗೆ ಬಸ್ ಸ್ಟ್ಯಾಂಡ್ ಎಂದರೆ ಅದೇನೋ ಹಾಳುಬಾವಿ ಇದ್ದ ಹಾಗೆ. ಮಾವನ ಕೈಗೆ ಸಿಗದಿರಲೆಂದು ತವರಿನ ವಿಳಾಸ ಕೊಟ್ಟ ಮೇಲೆ ಮೂರನೇ ಸಲ ಕಾರ್ಡು ಬಂದಾಗ ನಮ್ಮವರು ಮದುವೆಗೆ ಹೋಗುತ್ತೇವೆ ಎಂದು ಸುಳ್ಳು ಹೇಳಿ ನನ್ನನ್ನು ಸಂದರ್ಶನಕ್ಕೆ ಕರೆದುಕೊಂಡು ಹೋಗಿ ಬಂದರು. ಅವರ ಮೇಲೆ ನನಗೆ ಸಿಟ್ಟು ಬಂದಾಗಲೆಲ್ಲ ಈ ಒಂದನ್ನು ನೆನೆಸಿಕೊಂಡು ಸುಮ್ಮನಾಗುತ್ತೇನೆ.

ನೇಮಕದ ಆದೇಶ ಬಂದದ್ದು ನ್ಯಾಮತಿಗೆ, ತವರಿನ ವಿಳಾಸಕ್ಕೆ. ನಮ್ಮವ್ವ ಆ ಲಕೋಟೆಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿಟ್ಟು, ಅಮಾವಾಸ್ಯೆ ಕಳೆದ ಮೇಲೆ ಕಳಿಸೋಣ ಎಂದು ಕೂತುಬಿಟ್ಟರು. ಒಳ್ಳೆಯದನ್ನು ಕೆಟ್ಟ ದಿನದಲ್ಲಿ ಕಳಿಸಬಾರದಂತೆ. ಅದು ನನ್ನ ಕೈಗೆ ಬಂದದ್ದು ಶುಕ್ರವಾರ ಸಂಜೆ. ಒಡೆದು ನೋಡಿದರೆ ಜಗಳೂರು ತಾಲ್ಲೂಕಿನ ಸೊಕ್ಕೆಯ ಶಾಲೆ. ಶನಿವಾರ ಸಂಜೆ ಐದರೊಳಗೆ ಜಗಳೂರಿನ ಕಚೇರಿಗೆ ಹೋಗಿ ಸಹಿ ಮಾಡಬೇಕು, ಇಲ್ಲದಿದ್ದರೆ ಆದೇಶ ರದ್ದು. ಅವ್ವನ ಮೇಲೆ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮವರು ಧೈರ್ಯ ಮಾಡಿ ಮಾವನಿಗೆ ಹೇಳಿದರು. ಮಾವ ಅರ್ಧ ರೊಟ್ಟಿ ಮುಗಿಸಿದರು. ಆಮೇಲೆ, "ಸೊಕ್ಕೆಯಾಗೆ ಇವಳ ಚಿಕ್ಕಮ್ಮನ ಮನೆ ಐತೆ, ಉಳಕಳ್ಳಾಕೆ ತೊಂದ್ರೆ ಇಲ್ಲ. ಆದ್ರೆ ಸೋಮವಾರ ಕಾರಿನಾಗೆ ಬಿಟ್ಟು ಬರಬೇಕು, ಶನಿವಾರ ಕಾರಿನಾಗೆ ಕರ್ಕಂಡು ಬರಬೇಕು. ಬಸ್ಸು ಹತ್ತಂಗಿಲ್ಲ. ನಿನ್ನ ಗಾಡಿ ಅಷ್ಟು ದೂರ ಹೋಗಿ ಬರತೈತೆ ಅಂದ್ರೆ ಆಗಲಿ. ನಾಳೆ ನಾನೂ ಬತ್ತೀನಿ, ನೋಡಾನ" ಅಂದರು.

ಎದುರಿಗೆ ಕೂತ ನನ್ನ ಗಂಡನ ಮುಖ ಅರಳಿತು. ನನ್ನದು ಅರಳಲಿಲ್ಲ. ಏಳು ವರ್ಷ ಕಾದ ಕೆಲಸ ಆ ಎರಡನೇ ಗೇರಿನ ಮೇಲೆ ನಿಂತಿತ್ತು.

ಶನಿವಾರ ಏಳಕ್ಕೇ ನಾವು ಸಿದ್ಧ. ಕಾರು ಸಿದ್ಧವಿರಲಿಲ್ಲ. ಚೋಕು ಎಳೆದದ್ದಾಯಿತು, ಪ್ಲಗ್ಗು ಬಿಚ್ಚಿ ಒರೆಸಿದ್ದಾಯಿತು, ಬೀದಿಯವರೆಲ್ಲ ಸೇರಿ ತಳ್ಳಿದ್ದಾಯಿತು. ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ಅದು ಕೆಮ್ಮಿ, ನಡುಗಿ, ಎದ್ದಿತು. ನಾನು ಕಲ್ಲೆತ್ತಿಕೊಂಡು ಓಡಿ ಕೂತೆ. ಮಾವ ಮಾತ್ರ ಹೊಸಿಲಲ್ಲೇ ನಿಂತು ಗಡಿಯಾರ ನೋಡಿ, "ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ಆಮೇಲೆ ಹೊರಡಾನ" ಎಂದು ಒಳಗೆ ಹೋದರು. ಎಂಜಿನ್ ಆರಿಸಿದರೆ ಮತ್ತೆ ಏಳುವುದಿಲ್ಲ. ಹಾಗಾಗಿ ಒಂದೂವರೆ ಗಂಟೆ ನಮ್ಮವರು ಆಕ್ಸಿಲರೇಟರ್ ಒತ್ತುತ್ತಾ, ನಾನು ಹಲ್ಲು ಕಡಿಯುತ್ತಾ, ನಿಂತಲ್ಲೇ ಪೆಟ್ರೋಲು ಸುಟ್ಟೆವು.

ಹೊರಟಾಗ ಹತ್ತೂಮುಕ್ಕಾಲು. ಸೂಳೆಕೆರೆಯ ಹತ್ತಿರ ಬರುವ ಹೊತ್ತಿಗೆ ಬಾನೆಟ್ ಸಂದಿಯಿಂದ ಹೊಗೆ ಏಳತೊಡಗಿತು. ನಿಲ್ಲಿಸಿ ನೋಡಿದರೆ ರೇಡಿಯೇಟರ್ ತಳದಿಂದ ನೀರು ತೊಟ್ಟಿಕ್ಕುತ್ತಿದೆ. "ಹೊಗೆ ಅಲ್ಲ, ಹಬೆ. ಹಬೆ ಬಂದ್ರೆ ಚಿಂತೆ ಇಲ್ಲ. ಐದು ನಿಮಿಷ" ಅಂದರು ನಮ್ಮವರು. ಅವರ ಐದು ನಿಮಿಷಕ್ಕೆ ಅರ್ಧ ಗಂಟೆ. ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ತಂದು ತುಂಬಿಸಿದೆವು. ಅತ್ತೆ ಮಡಿಲಿಗೆಂದು ಕಟ್ಟಿಕೊಟ್ಟಿದ್ದ ಅರಿಶಿನದ ಪುಡಿಯನ್ನೆಲ್ಲ ನಮ್ಮವರು ರೇಡಿಯೇಟರಿಗೆ ಸುರಿದರು. ಸಣ್ಣ ತೂತು ಮುಚ್ಚಲು ಡ್ರೈವರುಗಳೆಲ್ಲ ಮಾಡುವ ಉಪಾಯವಂತೆ. ಮೀನು ಹಿಡಿಯುತ್ತಿದ್ದವರೊಬ್ಬರು ಬಲೆ ಬಿಟ್ಟು ಬಂದು ನೋಡಿ, "ಕುಂಕುಮಾನೂ ಹಾಕ್ರಿ, ಪೂಜೆ ಪೂರಾ ಆಗಲಿ" ಅಂದರು.

ಅರಿಶಿನ ತ್ಯಾವಣಿಗೆಯ ತನಕ ಬಂತು. ಅಲ್ಲಿ ಮತ್ತೆ ಹಬೆ. ಗಂಟೆ ಒಂದು ಹೊಡೆದಿತ್ತು. ನಾನು ಕಾರಿನಿಂದ ಇಳಿದು ರಸ್ತೆಯ ಆ ತುದಿ ಈ ತುದಿ ನೋಡುತ್ತಾ ನಿಂತೆ. ರಸ್ತೆ ಪಕ್ಕದಲ್ಲೇ ಮಾವನ ಪರಿಚಯದವರೊಬ್ಬರ ಅಡಿಕೆ ಬೇಯಿಸುವ ಜಾಗ. ದೊಡ್ಡ ಹಂಡೆಗಳಲ್ಲಿ ಸುಲಿದ ಅಡಿಕೆ ಕುದಿಯುತ್ತಿತ್ತು. ಅಡಿಕೆ ಬೆಂದ ನೀರನ್ನು ಚೆಲ್ಲುವುದಿಲ್ಲ; ಮತ್ತೆ ಮತ್ತೆ ಅದರಲ್ಲೇ ಬೇಯಿಸಿ ಬೇಯಿಸಿ ರಕ್ತದಂಥ ಗಟ್ಟಿ ರಸ ಮಾಡುತ್ತಾರೆ. ಅದೇ ಚೊಗರು. ಅಡಿಕೆಗೆ ಆ ಕೆಂಪು, ಆ ಹೊಳಪು ಬರುವುದು ಅದರಿಂದಲೇ. ಬಟ್ಟೆಗೆ ತಗುಲಿದರೆ ಬಟ್ಟೆ ಹರಿದರೂ ಕಲೆ ಹೋಗುವುದಿಲ್ಲ.

ಮಾವ ಅದುವರೆಗೆ ಹಿಂದಿನ ಸೀಟಿನಲ್ಲಿ ತುಟಿ ಬಿಗಿದು ಕೂತಿದ್ದವರು ಇಳಿದು ಬಂದು, ರೇಡಿಯೇಟರನ್ನು ಬಗ್ಗಿ ನೋಡಿದರು. "ಎಲ್ಲಿಂದ ಸೋರತೈತೆ?" ಎಂದು ಕೇಳಿದರು. ನಮ್ಮವರು ತೋರಿಸಿದರು.

"ಇಷ್ಟಕ್ಕೆ ಅರಿಶಿನ ಹಾಕ್ತಾರೇನೋ? ಅರಿಶಿನಕ್ಕೆ ಅಂಟು ಎಲ್ಲೈತೆ? ಚೊಗರು ಹಾಕು. ಚೊಗರು ಹಿಡಿದದ್ದು ಬಿಟ್ಟಿದ್ದಿಲ್ಲ."

"ಅಪ್ಪಾಜಿ, ಅದು ಎಂಜಿನ್ನು..."

"ಐವತ್ತು ವರ್ಷ ಚೊಗರಿನಾಗೆ ಕೈ ಅದ್ದೀನಿ, ನನಗೆ ಹೇಳಾಕೆ ಬರಬ್ಯಾಡ."

ಅವರೇ ಹಂಡೆಯ ಹತ್ತಿರ ಹೋದರು. ರಸವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ಇದು ತೆಳು ಅಂದರು. ಪಕ್ಕದ ಹಂಡೆಯದ್ದನ್ನು ನೋಡಿ, ಹದವಾಗೈತೆ ಅಂದರು. ಒಂದು ಕೊಡ ತುಂಬಿಸಿಕೊಂಡು ಬಂದು, ಪಂಚೆಯ ತುದಿ ಎತ್ತಿ ಸಿಕ್ಕಿಸಿ, ತಾವೇ ಸುರಿದರು. ನನಗೆ ಒಂದು ಕ್ಷಣ, ಈ ಮನುಷ್ಯ ಬೇಕೆಂದೇ ಮಾಡುತ್ತಿದ್ದಾರೆಯೇ ಎಂದು ಅನುಮಾನ ಬಂತು. ಅವರ ಮುಖ ನೋಡಿದೆ. ಹೊಸ ಅಡಿಕೆಯ ರಾಶಿಯ ಮುಂದೆ ನಿಂತಾಗ ಇರುತ್ತಿದ್ದ ಅದೇ ಮುಖ, ಅದೇ ಗಮನ. ಕಪಟ ಒಂದಿಷ್ಟೂ ಇರಲಿಲ್ಲ. ನನ್ನ ಕೆಲಸಕ್ಕೆ ಅವರು ಏಳು ವರ್ಷ ಅಡ್ಡಿ ಮಾಡಿದ್ದರು, ಸಹಾಯ ಮಾಡಿದ್ದು ಅದೊಂದೇ ಸಲ. ಕೆಟ್ಟದ್ದು ಆ ಸಹಾಯದಿಂದಲೇ.

ಸೋರುವುದು ನಿಂತಿತು! ತೊಟ್ಟು ನೀರಿಲ್ಲ. ನಮ್ಮವರು ಕೆಳಗೆ ಕೈ ಹಾಕಿ ಸವರಿ ನೋಡಿ, "ಅಪ್ಪಾಜಿ, ಒಣಗೈತೆ!" ಎಂದು ಕೂಗಿದರು. ದಾವಣಗೆರೆ ದಾಟುವವರೆಗೂ ಕಾರು ಹೂವೆತ್ತಿದ ಹಾಗೆ ಓಡಿತು. ಮಾವ ಹಿಂದಿನಿಂದ, ಕಾರಿನ ಕಂಪನಿಯವರಿಗೆ ಬುದ್ಧಿ ಇದ್ದಿದ್ದರೆ ಕಾರ್ಖಾನೆಯಲ್ಲೇ ಚೊಗರು ಹಾಕಿ ಕಳಿಸುತ್ತಿದ್ದರು ಎಂದು ವಾದ ಮಂಡಿಸಿದರು. ನಾನು ಗೇರಿನ ಕೋಲು ಹಿಡಿದುಕೊಂಡೇ ನಕ್ಕೆ. ಮೂರು ಗಂಟೆ ಹೊತ್ತಿಗೆ ಜಗಳೂರಿನ ರಸ್ತೆಯಲ್ಲಿ, ಎರಡೂ ಕಡೆ ಜೋಳದ ಹೊಲ ನೋಡುತ್ತಾ, ಸೋಮವಾರ ಮಕ್ಕಳಿಗೆ ಮೊದಲು ಏನು ಹೇಳಲಿ ಎಂದು ಯೋಚಿಸತೊಡಗಿದ್ದೆ.

ಜಗಳೂರು ಐದು ಮೈಲಿ ಇದೆ ಎನ್ನುವಾಗ ಕಾರಿನ ಒಳಗೆ ಅಡಿಕೆ ಬೇಯುವ ವಾಸನೆ ಬಂತು. ಮೂವರೂ ಮೂಗರಳಿಸಿದೆವು. ಎಂಜಿನ್ ಒಳಗೆ ಯಾರೋ ಬಾಗಿಲು ಬಡಿದ ಹಾಗೆ ಸದ್ದಾಗಿ, ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ನಾನು ಅಭ್ಯಾಸಬಲದಿಂದ ಇಳಿದು ಕಲ್ಲಿಟ್ಟೆ.

ನಮ್ಮವರು ಬಟ್ಟೆ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ತಿರುಗಿಸಿದರು. ಮಾವ ತಮ್ಮ ಚೊಗರು ಏನಾಯಿತೆಂದು ನೋಡಲು ಬಗ್ಗಿದರು. ನಾನು ಅವರನ್ನು ಹಿಂದಕ್ಕೆಳೆಯಲು ಕೈ ಚಾಚಿದೆ. ಅಷ್ಟರಲ್ಲಿ ಕೆಂಪು ಕಾರಂಜಿ ಚಿಮ್ಮಿ ಆಳೆತ್ತರಕ್ಕೆ ಹಾರಿತು. ಪುಣ್ಯಕ್ಕೆ ಕುದಿಯುವ ರಸ ಮೈಮೇಲೆ ಬೀಳುವ ಹೊತ್ತಿಗೆ ಆರಿತ್ತು, ಬೊಬ್ಬೆ ಏಳಲಿಲ್ಲ. ಆದರೆ ನಮ್ಮವರ ಬಿಳಿ ಅಂಗಿ, ಮಾವನ ಮಲ್ಲಿನ ಪಂಚೆ, ನನ್ನೆರಡು ಅಂಗೈ, ಎಲ್ಲಾ ಚೊಗರು. ಒಳಗೆ ನೋಡಿದರೆ ಉಳಿದದ್ದು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿತ್ತು. ಚೊಗರು ತೂತನ್ನೂ ಮುಚ್ಚಿತ್ತು, ನೀರು ಹರಿಯುವ ಸಣ್ಣ ಸಣ್ಣ ಕೊಳವೆಗಳನ್ನೂ ಮುಚ್ಚಿತ್ತು. ಹಿಡಿದದ್ದನ್ನು ಬಿಡುವುದಿಲ್ಲ ಎಂದು ಮಾವ ಹೇಳಿದ್ದು ಸುಳ್ಳಲ್ಲ.

"ಐದು ನಿಮಿಷ, ಆರಲಿ" ಅಂದರು ನಮ್ಮವರು.

ಆಗ ನಾಲ್ಕು ಗಂಟೆ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಾವನ ಮುಂದೆ ಗಂಡನಿಗೆ ಹಾಗೆ ಅಂದದ್ದು ಅದೇ ಮೊದಲು. ಈ ಮೋಟುಗಾಡಿಯನ್ನು ಕಟ್ಟಿಕೊಳ್ಳುವ ಬದಲು ಒಂದು ಕತ್ತೆ ತಂದಿದ್ದರೂ ಇಷ್ಟು ಹೊತ್ತಿಗೆ ಜಗಳೂರು ಮುಟ್ಟಿಸುತ್ತಿತ್ತು ಅಂದೆ. ಅವರು ತಲೆ ತಗ್ಗಿಸಿ ಮುಚ್ಚಳ ಒರೆಸುತ್ತಿದ್ದರು. ಮಾವ ತಮ್ಮ ಪಂಚೆ ನೋಡಿಕೊಳ್ಳುತ್ತಿದ್ದರು.

ನಾಲ್ಕೂಕಾಲು ದಾಟಿದ ಮೇಲೆ ದಾವಣಗೆರೆ ಕಡೆಯಿಂದ ಧೂಳೆಬ್ಬಿಸುತ್ತಾ ಬಸ್ಸು ಬಂತು. ನಾನು ರಸ್ತೆಯ ನಡುವೆ ಹೋಗಿ ಕೈ ಅಡ್ಡ ಹಿಡಿದೆ.

"ಬ್ಯಾಡವ್ವಾ!" ಎಂದರು ಮಾವ. "ಆರು ಗಂಟೆಗೆ ಇನ್ನೊಂದು ಬಸ್ಸೈತಂತೆ. ಗಾಡಿ ಏಳದಿದ್ರೆ ಮೂರೂ ಜನ ಕೂಡೇ ಹೋಗಾನ."

"ಆರಕ್ಕೆ ಕಚೇರಿ ಬಾಗಿಲು ಹಾಕಿರತೈತೆ ಮಾವಾರೆ" ಅಂದೆ.

"ನಿಲ್ಲು ಅಂದೆ!"

ನಾನು ಹತ್ತಿದೆ. ಕಂಡಕ್ಟರ್ ಜಾಗವಿಲ್ಲ ಎಂದ. ಜಾಗ ಕೇಳಿಲ್ಲ, ಜಗಳೂರು ಕೇಳಿದ್ದೇನೆ ಅಂದೆ. ಡ್ರೈವರ್ ನಗುತ್ತಾ ತನ್ನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ಕೂರಲು ಹೇಳಿದರು. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೆಲಸ ಸಿಕ್ಕರೂ ಮನೆ ಹೋಯಿತು ಎಂದೇ ತಿಳಿದಿದ್ದೆ. ಆದರೂ ಡ್ರೈವರ್ ಎರಡನೇ ಗೇರು ಹಾಕಿ ಕೈ ತೆಗೆದಾಗ, ನನ್ನ ಕೈ ತಾನೇ ಹೋಗಿ ಆ ಕೋಲನ್ನು ಹಿಡಿದುಕೊಂಡುಬಿಟ್ಟಿತು. ಅವರು ಬೆಚ್ಚಿಬಿದ್ದು, "ಅದು ನಿಲ್ಲತೈತಮ್ಮ, ಬಿಡ್ರಿ" ಅಂದರು.

ಕಚೇರಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಗುಮಾಸ್ತರು ವಯಸ್ಸಾದವರು. ನನ್ನ ಅಂಗೈಗಳನ್ನು ನೋಡಿ, "ಮದುವೆ ಮನೆಯಿಂದ ಸೀದಾ ಬಂದ್ರೇನಮ್ಮ, ಗೋರಂಟಿ ಚೆನ್ನಾಗಿ ಹತ್ತೈತೆ" ಎಂದು ರಿಜಿಸ್ಟರ್ ತಿರುಗಿಸಿ ಕೊಟ್ಟರು. ಸಹಿ ಮಾಡಿದೆ. ಹೆಸರಿನ ಪಕ್ಕದಲ್ಲಿ ಸಹಶಿಕ್ಷಕಿ ಎಂದು ಬರೆಯುವಾಗ ಒಂದು ಅಕ್ಷರ ಬಿಟ್ಟು ಹೋಗಿ, ಮತ್ತೆ ಮೇಲೆ ಸೇರಿಸಿದೆ.

ಆಮೇಲೆ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತೆ. ಆರರ ಬಸ್ಸು ಬಂತು; ಅವರಿಬ್ಬರೂ ಅದರಲ್ಲಿ ಇರಲಿಲ್ಲ. ಅಂಗಡಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಒಂದು ಗದ್ದಲ ಕೇಳಿಸಿತು. ನೋಡಿದರೆ ನಮ್ಮ ಕಾರು ಬರುತ್ತಿದೆ, ಮುಂದೆ ಒಂದು ಜೊತೆ ಎತ್ತು. ನೊಗಕ್ಕೆ ಹಗ್ಗ ಕಟ್ಟಿ ಎಳೆಸಿದ್ದರು. ಎತ್ತಿನ ಯಜಮಾನ ಬಾನೆಟ್ ಮೇಲೆ ಕಾಲು ಮಡಚಿ ಕೂತಿದ್ದ. ನಮ್ಮವರು ಸ್ಟೇರಿಂಗ್ ಹಿಡಿದು ಗಂಭೀರವಾಗಿ ಎದುರು ನೋಡುತ್ತಿದ್ದರು. ಎಡಕ್ಕೆ ತಿರುಗುವಾಗ ಹಾರನ್ನು ಕೂಗಿ ಎತ್ತುಗಳು ಹೌಹಾರಿದವು. ಅವುಗಳ ಪಕ್ಕದಲ್ಲಿ ಹಗ್ಗ ಹಿಡಿದು ಕಾಲ್ನಡಿಗೆಯಲ್ಲಿ ಬರುತ್ತಿದ್ದವರು ಮಾವ, ಎದೆಯಿಂದ ಪಾದದವರೆಗೆ ಕೆಂಪು. ಊರಿನ ಅರ್ಧ ಜನ ಹಿಂದೆ.

ನಾನು ಎದ್ದು ನಿಂತೆ. ಮಾವ ಎತ್ತು ನಿಲ್ಲಿಸಿ ನನ್ನ ಹತ್ತಿರ ಬಂದರು.

"ಹೊತ್ತಿಗೆ ಸರಿಯಾಗಿ ಮುಟ್ಟಿದ್ಯಾ?"

"ಮುಟ್ಟಿದೆ ಮಾವಾರೆ."

"ಸಹಿ ಆತಾ?"

"ಆತು."

ನಾನು ಬೈಗುಳಕ್ಕೆ ಕಾದೆ. ಅಷ್ಟರಲ್ಲಿ ನಮ್ಮವರು ಕಾರಿನಿಂದ ತಲೆ ಹೊರಗೆ ಹಾಕಿ, "ಗಾಡಿದೇನೂ ತಪ್ಪಿಲ್ಲ ಅಪ್ಪಾಜಿ, ಎಲ್ಲಾ ಚೊಗರಿಂದೇ" ಅಂದರು.

"ಚೊಗರು ಹಾಕ್ದೋನು ನಾನು ಕಣೋ" ಎಂದರು ಮಾವ, ತಿರುಗಿ ನೋಡದೆ. "ಏಳು ವರ್ಷ ಇವಳನ್ನ ಮನೇಲಿ ಕುಂದ್ರಿಸ್ದೋನೂ ನಾನೇ." ಆಮೇಲೆ ನನಗೆ, ಎಂದಿನ ಎತ್ತರದ ದನಿಯಲ್ಲಿ ಅಲ್ಲ, ಮೆಲ್ಲಗೆ ಹೇಳಿದರು: "ಇನ್ಮ್ಯಾಗೆ ಬಸ್ಸಿಗೇ ಹೋಗವ್ವ. ನೀನೊಬ್ಬಳೇ ಹೋಗು. ಈ ಗಾಡಿ ನೆಚ್ಕಂಡು ಕುಂತ್ಕಬ್ಯಾಡ."

ನನಗೆ ತಡೆಯಲಾಗಲಿಲ್ಲ. ಎತ್ತುಗಳ ಮುಂದೆ, ಅಷ್ಟು ಜನರ ಎದುರಿಗೆ, ಕೆಂಪು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನಮ್ಮವರು ಓಡಿಬಂದು ನನ್ನ ಭುಜ ಹಿಡಿದು, "ಅಳಬ್ಯಾಡ ಕಣೇ, ರೇಡಿಯೇಟರ್ ಬಿಚ್ಚಿ ಬಿಸಿನೀರಿನಾಗೆ ತೊಳೆದ್ರೆ ಸರಿ ಹೋಗತೈತೆ" ಎಂದು ಸಮಾಧಾನ ಮಾಡಿದರು.